ತಿಕ್ಕಿದರೆ ಹೋಗುವ ಕಂಚು

ಗಾಳೆವ್ವ ಏಣಿಯ ಮೇಲೆ ನಿಂತು ಅಡಿವೆಪ್ಪಗೌಡರ ಮೂಗು ತಿಕ್ಕುತ್ತಿದ್ದಳು.

ಗೌಡರು ಸತ್ತು ಮೂರು ವರ್ಷವಾಗಿತ್ತು. ಮೂಗು ಅವರ ಪುತ್ಥಳಿಯದು. ಗೌಡರು ಬದುಕಿದ್ದಾಗ ಅವರು ಬರುವ ದಾರಿಯಲ್ಲಿ ಗಾಳೆವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿಕೊಂಡು ನಿಲ್ಲಬೇಕಿತ್ತು. ಈಗ ಅವರ ಹೆಗಲಿಗೆ ಮೊಣಕಾಲು ಕೊಟ್ಟು, ಎಡಗೈಯಲ್ಲಿ ಅವರ ಕಿವಿ ಹಿಡಿದು, ಬಲಗೈಯಿಂದ ಮೂಗಿನ ಹೊಳ್ಳೆಯೊಳಗಿನ ಪಾರಿವಾಳದ ಹಿಕ್ಕೆ ಕೆರೆಯುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ಹಿಕ್ಕೆ ತೆಗೆಯಲು ಮುಟ್ಟಿದರೆ ಮೈಲಿಗೆಯಿಲ್ಲ. ಹಾರ ಹಾಕಲು ಮುಟ್ಟಿದರೆ ಮೈಲಿಗೆ. ಊರಿನ ಕಾನೂನು ಅಷ್ಟು ಸರಳ.

ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬಸ್ಸು ಒಂದೇ ನಿಮಿಷ ನಿಂತು ಹೋಗುವ ಊರದು. ಬಸ್ ನಿಲ್ಲುವ ಜಾಗದ ಎದುರಿಗೇ ಪುತ್ಥಳಿ. ಕೆಳಗೆ ಕರಿಕಲ್ಲಿನಲ್ಲಿ ಕೊರೆದಿದ್ದರು: ‘ಅಡಿವೆಪ್ಪಗೌಡರ ಕಂಚಿನ ಪುತ್ಥಳಿ. ಭಕ್ತಿಯಿಂದ, ಮಗ ರಾಯನಗೌಡ.’ ‘ಕಂಚಿನ’ ಎಂಬ ಶಬ್ದ ಗೌಡರ ಹೆಸರಿಗಿಂತ ದಪ್ಪವಾಗಿತ್ತು.

ಆ ಕಂಚು ಊರಿನದೇ. ಪುತ್ಥಳಿ ಎರಕ ಹೊಯ್ಯಬೇಕೆಂದು ರಾಯನಗೌಡ ಎರಡು ವರ್ಷದ ಹಿಂದೆ ಓಣಿ ಓಣಿಗೆ ಟ್ರ್ಯಾಕ್ಟರ್ ಕಳಿಸಿದ್ದ. ಮನೆಗೊಂದು ಕಂಚಿನ ಪಾತ್ರೆ. ತಂಬಿಗೆ, ತಾಟು, ಗಂಗಾಳ, ಗಂಟೆ, ಏನಾದರೂ ಸರಿ. ಟ್ರ್ಯಾಕ್ಟರ್ ಊರ ಹೊರಗಿನ ಕೇರಿಗೂ ಬಂತು. “ನಮ್ಮ ಪಾತ್ರಿ ನಡೀತೈತೇನ್ರಿ?” ಎಂದು ಗಾಳೆವ್ವ ಕೇಳಿದ್ದಳು. “ಬೆಂಕ್ಯಾಗ ಬಿದ್ದ ಮ್ಯಾಲೆ ಮೈಲಿಗಿ ಎಲ್ಲಿ ಉಳೀತೈತಿ? ಹಾಕು,” ಎಂದಿದ್ದ ರಾಯನಗೌಡ. ಗಾಳೆವ್ವನ ಗುಡಿಸಿಲಲ್ಲಿ ಇದ್ದದ್ದು ಒಂದೇ ಕಂಚು, ಅವಳ ಅವ್ವ ಉಣ್ಣುತ್ತಿದ್ದ ಗಂಗಾಳ. ಹಾಕಿದಳು.

ಈಗ ಭಾನುವಾರ ಗೌಡರ ಪುಣ್ಯತಿಥಿ. ಬೆಂಗಳೂರಿನಿಂದ ಮಂತ್ರಿ ಬರುವವರಿದ್ದರು. ಬುಧವಾರ ಮುಂಜಾನೆ ರಾಯನಗೌಡ ಕೇರಿಯ ಬಾಯಿಗೆ ಬಂದು ಬೈಕಿನ ಮೇಲಿಂದಲೇ ಕೂಗಿದ.

“ಏ ಗಾಳಿ! ನಮ್ಮಪ್ಪನ್ನ ತೊಳದು ಕೊಡು. ಫಳಾಫಳಾ ಹೊಳೀಬೇಕು ನೋಡ. ಮಂತ್ರಿಗೆ ಕಣ್ಣು ಕುಕ್ಕಬೇಕು.”

ಹೊಳೆಯಬೇಕು ಎಂದರೆ ಗಾಳೆವ್ವನಿಗೆ ಬೇರೆ ಹೇಳಬೇಕಿಲ್ಲ. ಗೌಡರ ಮನೆಯ ಕಂಚನ್ನು ಇಪ್ಪತ್ತು ವರ್ಷ ತಿಕ್ಕಿದ ಕೈ ಅದು. ಮದುವೆ, ಸೀಮಂತ, ತಿಥಿ, ಏನೇ ಇರಲಿ, ಹಿತ್ತಲ ಬಾಗಿಲ ಆಚೆಗೆ ಪಾತ್ರೆಯ ರಾಶಿ ಬೀಳುತ್ತಿತ್ತು. ಹುಣಸೆಹಣ್ಣು ಕಿವುಚಿ ಹಚ್ಚಬೇಕು. ಅದರ ಮೇಲೆ ಇಟ್ಟಂಗಿ ಪುಡಿ. ಕತ್ತದ ನಾರು ಹಿಡಿದು ತಿಕ್ಕಬೇಕು. ಉಗುರಿನ ಸಂದಿಗೆ ಹುಳಿ ಇಳಿದು ಉರಿ ಹತ್ತುತ್ತಿತ್ತು. ಅಂಗೈ ಬೊಬ್ಬೆ ಒಡೆಯುತ್ತಿತ್ತು. ಸೂರ್ಯನ ಹಾಗೆ ಹೊಳೆಯುವ ತಾಟು ಸಾಲಾಗಿ ಇಟ್ಟ ಮೇಲೆ ದೊಡ್ಡ ಗೌಡಸಾನಿ ಒಳಗಿನಿಂದ ಬಂದು ಅದರ ಮೇಲೆ ನೀರು ಚಿಮುಕಿಸಿ, ಗಾಳೆವ್ವನ ಕೈ ಸೋಕಿದ್ದನ್ನು ತೊಳೆದು, ಒಳಗೆ ಒಯ್ಯುತ್ತಿದ್ದರು. ಆ ತಾಟುಗಳಲ್ಲಿ ಗಾಳೆವ್ವ ಒಂದು ದಿನವೂ ಉಂಡವಳಲ್ಲ. ತನ್ನ ಮುಖ ಮಾತ್ರ ನೋಡಿಕೊಂಡಿದ್ದಳು.

ಹೀಗಾಗಿ ಅವಳು ಹುಣಸೆಹಣ್ಣು, ಇಟ್ಟಂಗಿ ಪುಡಿ ಸೆರಗಿನಲ್ಲಿ ಕಟ್ಟಿಕೊಂಡು ಏಣಿ ಹತ್ತಿದ್ದಳು.

ಮೊದಲು ಮೂಗು. ಹತ್ತು ಸಲ ತಿಕ್ಕಿದಳು. ಮೂಗಿನ ತುದಿ ಬೆಳ್ಳಗಾಯಿತು. ಹೊಳಪು ಬರುತ್ತಿದೆ ಅಂದುಕೊಂಡಳು. ಇನ್ನೂ ಹತ್ತು ಸಲ ತಿಕ್ಕಿದಳು. ಇಡೀ ಮೂಗು ಬೆಳ್ಳಗಾಯಿತು. ಮೇಲುತುಟಿ ತಿಕ್ಕಿದಳು. ಗೌಡರು ಮೊಸರನ್ನ ಉಂಡು ಬಾಯಿ ಒರೆಸಿಕೊಳ್ಳದವರಂತೆ ಕಂಡರು. ಗಾಳೆವ್ವ ಗಾಬರಿಯಾಗಿ ತನ್ನ ಅಂಗೈ ನೋಡಿಕೊಂಡಳು. ಅಂಗೈ ಕಂಚಿನ ಬಣ್ಣವಾಗಿತ್ತು. ಗೌಡರ ಮುಖದಲ್ಲಿದ್ದದ್ದೆಲ್ಲ ಅವಳ ಕೈಗೆ ಬಂದಿತ್ತು.

ಅವಳು ಬೆರಳಿನ ಗೆಣ್ಣಿನಿಂದ ಗೌಡರ ಹಣೆಗೆ ಬಡಿದಳು.

ಕಂಚು ಹೇಗೆ ಮಾತಾಡುತ್ತದೆಂದು ಅವಳಿಗೆ ಗೊತ್ತಿತ್ತು. ಬಡಿದರೆ ಠಣ್ ಎನ್ನುತ್ತದೆ, ಆಮೇಲೆ ಎಷ್ಟೋ ಹೊತ್ತು ಒಳಗೊಳಗೇ ಗುನುಗುತ್ತದೆ. ಗೌಡರ ಹಣೆ ‘ಡಬ್’ ಅಂದಿತು. ಕುಂಬಳಕಾಯಿ ಬಡಿದ ಹಾಗೆ. ಪ್ಲಾಸ್ಟಿಕ್ ಕೊಡ ಬಡಿದ ಹಾಗೆ.

ಊರಲ್ಲಿ ಎಲ್ಲರೂ ಗಾಳೆವ್ವನದು ಕಂಚಿನ ಕಂಠ ಅನ್ನುತ್ತಿದ್ದರು. ಹೊಗಳಿಕೆಯಲ್ಲ. ಅಡಿವೆಪ್ಪಗೌಡರು ಅವಳನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ ಒಂದು ಮೈಲಿ ಆಚೆಯ ಆಳುಗಳನ್ನು ಕೂಗಿಸುತ್ತಿದ್ದರು. ಮನೆಯ ಕಾರ್ಯದಲ್ಲಿ ಮೈಕು ಕೆಟ್ಟರೂ ಕೂಗುವವಳು ಅವಳೇ. ಬೇರೆಯವರ ಮಾತನ್ನು ಮಾತ್ರ ಕೂಗಿದ ಆ ಕಂಠ ಅವತ್ತು ಗೌಡರ ಕಿವಿಯ ಪಕ್ಕದಲ್ಲೇ ತನ್ನ ಮಾತು ಕೂಗಿತು.

“ಯಪ್ಪೋ! ಇದು ಕಂಚಲ್ರೋ! ಗೌಡ್ರು ಪ್ಲಾಸ್ಟಿಕ್ಕಿನಾವ್ರು!”

ಅದೇ ಹೊತ್ತಿಗೆ ರೋಣದ ಬಸ್ಸು ಬಂದು ನಿಂತಿತ್ತು. ಒಂದು ನಿಮಿಷ ನಿಲ್ಲುವ ಬಸ್ಸು ಹತ್ತು ನಿಮಿಷ ನಿಂತಿತು. ಕಂಡಕ್ಟರನೂ ಇಳಿದು ಬಂದು ಮೂಗು ನೋಡಿ, “ಫೈಬರ್ ರೀ ಅದು,” ಎಂದು ಹೇಳಿ ಸೀಟಿ ಊದಿ ಹೋದ. ಸಂಜೆಯೊಳಗೆ ಮುಶಿಗೇರಿ, ಜಕ್ಕಲಿಯವರೆಗೂ ಗೌಡರ ಮೂಗು ಮುಟ್ಟಿತ್ತು.

ಮರುದಿನ ಮುಂಜಾನೆ ಹನುಮಂತದೇವರ ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಬೇವಿನ ಮರದ ಸುತ್ತ ಎತ್ತರದ ಕಲ್ಲುಕಟ್ಟೆ. ಕಟ್ಟೆಯ ಮೇಲೆ ಊರವರು. ಕೆಳಗೆ ಬಿಸಿಲಿನಲ್ಲಿ ಕೇರಿಯವರು. ಇದೂ ಎಲ್ಲೂ ಬರೆದದ್ದಲ್ಲ. ಕಟ್ಟೆಯ ಮೇಲಿನವರಿಗೆ ಹೋಟೆಲಿನಿಂದ ಸ್ಟೀಲ್ ಲೋಟದಲ್ಲಿ ಚಹಾ ಬಂತು. ಕೆಳಗಿನವರಿಗೆ ಬಂದರೆ ಕಾಗದದ ಕಪ್ಪಿನಲ್ಲಿ ಬರುತ್ತದೆ. ಮೊದಲು ತೆಂಗಿನ ಚಿಪ್ಪಿತ್ತು. ಕಾಲ ಸುಧಾರಿಸಿದೆ. ಅವತ್ತು ಕಾಗದದ್ದೂ ಬರಲಿಲ್ಲ.

ಗಾಳೆವ್ವನ ಪಕ್ಕ ಅವಳ ಮಗಳು ಉಮಾ ನಿಂತಿದ್ದಳು. ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವಳು, ವಾರದ ಹಿಂದೆ ಊರಿಗೆ ಬಂದಿದ್ದಳು. ಆ ಕಡೆ ಮಾನವ್ವ, ಕೇರಿಯ ಹಿರಿಯ ಮುದುಕಿ.

“ಯಾರ ಹೇಳಿದ್ರು ನಿನಗ ತಿಕ್ಕಂತ?” ರಾಯನಗೌಡ ಕೇಳಿದ.

“ನೀವ ಹೇಳಿದ್ರಿ. ಹೊಳೀಬೇಕಂದ್ರಿ.”

“ಬಟ್ಟಿಲೆ ಒರಸು ಅಂತ ಅರ್ಥ ಅದು!”

“ಕಂಚು ಬಟ್ಟಿಲೆ ಹೊಳ್ಯಾಂಗಿಲ್ರಿ ಗೌಡ್ರ. ನಿಮ್ಮ ಅವ್ವಾರ ಕಲಿಸಿದ್ದು. ಹುಣಸಿಹಣ್ಣು ಹಚ್ಚಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಬೇಕಂತ.”

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ರಾಯನಗೌಡ ತಿರುಗಿ ನೋಡಿದ. ನಗು ಕೆಮ್ಮಾಯಿತು. ಅವನು ಕಿಸೆಯಿಂದ ಒಂದು ಕಾಗದ ತೆಗೆದ.

“ಇದಕ್ಕ ಹೆಬ್ಬಟ್ಟು ಒತ್ತು. ನಮ್ಮಪ್ಪನ ಕಾಲ ಮುಟ್ಟಿ ತಪ್ಪಾತಂತನ್ನು. ಇಲ್ಲಾಂದ್ರ ಪೊಲೀಸ್ ಕೇಸ್ ಹಾಕ್ತೇನಿ. ಪುತ್ಥಳಿಗೆ ಅವಮಾನ ಅಂದ್ರ ಸಣ್ಣ ಕೇಸಲ್ಲ.”

ಆಗ ಕಟ್ಟೆಯ ಮೇಲೆ ಒಂದು ತೊಡಕು ಎದ್ದಿತು. ಒಬ್ಬ ಹಿರಿಯರು ಹೇಳಿದರು, “ಕಾಲ ಮುಟ್ಟೂದು ಹ್ಯಾಂಗೋ ರಾಯಾ? ಭಾನುವಾರ ಮಂತ್ರಿ ಕೈ ಮುಗಿಯೂ ಕಾಲು ಅವು.”

“ಹಂಗಾರ ದೂರಿಂದ ಮುಟ್ಟಲಿ.”

“ದೂರಿಂದ ಮುಟ್ಟೂದು ಹ್ಯಾಂಗ?”

“ಕೋಲಿಲೆ ಮುಟ್ಟಲಿ.”

“ಕೋಲು ಹಚ್ಚಿದ್ರ ಗೌಡ್ರಿಗೆ ಹೊಡದಂಗಾಗ್ತೈತಲ್ಲ!”

ಅರ್ಧ ತಾಸು ಇದೇ ನಡೆಯಿತು. ಗಾಳೆವ್ವ ಬಿಸಿಲಿನಲ್ಲಿ ನಿಂತೇ ಇದ್ದಳು. ಏಣಿ ಹತ್ತಿಳಿದು ಮೊಣಕಾಲು ಬಾತಿದ್ದವು. ಹುಣಸೆಯ ಹುಳಿಗೆ ಬೆರಳು ಬಿರಿದಿದ್ದವು. ಮುಟ್ಟದೆ ಮುಟ್ಟಿಸುವುದು ಹೇಗೆಂದು ಹದಿನೈದು ಗಂಡಸರು ನೆರಳಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದರು. ಮುಟ್ಟಿಯೇ ಹಾಳಾಗಿದೆ ಎಂದು ಪಂಚಾಯ್ತಿ ಕರೆದದ್ದನ್ನು ಅವರು ಮರೆತೇಬಿಟ್ಟಿದ್ದರು.

“ಉಮಾ, ಆ ಕಾಗದ ಓದು,” ಎಂದಳು ಗಾಳೆವ್ವ.

ಉಮಾ ಓದಿದಳು. “‘ನಾನು ಕಂಚಿನ ಪುತ್ಥಳಿಯನ್ನು ದುರುದ್ದೇಶದಿಂದ ತಿಕ್ಕಿ ಹಾಳು ಮಾಡಿರುತ್ತೇನೆ...’”

“ತಡಿ. ಎಂಥಾ ಪುತ್ಥಳಿ?”

“ಕಂಚಿನ ಅಂತ ಐತಿಬೇ.”

“ಸುಳ್ಳು ಬರದಾರ. ಕಂಚು ಆಗಿದ್ರ ತಿಕ್ಕಿದ್ರ ಹಾಳಾಗಂಗಿಲ್ಲ. ಹಾಳಾಗಿದ್ರ ಕಂಚಲ್ಲ. ಗೌಡ್ರ, ಎರಡರಾಗ ಒಂದು ಬರೀರಿ. ‘ಪುತ್ಥಳಿ ಕಂಚಿಂದಲ್ಲ, ಗಾಳವ್ವ ತಿಕ್ಕಿ ಬಣ್ಣ ತಗದಳು’ ಅಂತ ಬರೀರಿ, ಈಗ ಹೆಬ್ಬಟ್ಟು ಒತ್ತತೇನಿ.”

ಕಟ್ಟೆಯ ಹಿಂದಿನ ಸಾಲಿನಿಂದ ಒಬ್ಬ ಕೇಳಿದ, “ರಾಯಣ್ಣಾ, ಕಂಚಲ್ಲಾಂದ್ರ ನಮ್ಮ ತಂಬಿಗಿ ಎಲ್ಲಿ ಹೋತು?” ಇನ್ನೊಬ್ಬ ಕೇಳಿದ, “ನಮ್ಮ ಮುತ್ಯಾನ ತಾಟು?” ಒಂದು ಮೂಲೆಯಲ್ಲಿ ಗಂಟೆ, ಇನ್ನೊಂದು ಮೂಲೆಯಲ್ಲಿ ಕುಂಕುಮದ ಪಂಚಪಾಳ. ಟ್ರ್ಯಾಕ್ಟರಿನಲ್ಲಿ ಹೋದದ್ದೆಲ್ಲ ಒಂದೊಂದಾಗಿ ಕಟ್ಟೆಗೆ ಬಂದು ಕೂತವು. ರಾಯನಗೌಡನ ಮುಖ ಅವನಪ್ಪನ ಮೂಗಿನ ಬಣ್ಣಕ್ಕೆ ತಿರುಗಿತು.

“ಮಾಸ್ತರ, ನೀವ ಹೇಳ್ರಿ,” ಎಂದ.

ಮೈಲಾರಪ್ಪ ಮಾಸ್ತರರು ಕನ್ನಡ ಕಲಿಸಿ ನಿವೃತ್ತರಾದವರು. ಕರಿಕಲ್ಲಿನ ಮೇಲಿನ ಬರಹ ಅವರದೇ. ಒಂದು ದಪ್ಪ ಶಬ್ದಕೋಶ ತಂದಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಪಾಠ ಶುರು ಮಾಡಿದರು.

“ಕಂಚು ಅಂದ್ರ ತಾಮ್ರ, ತವರ ಕೂಡಿದ ಲೋಹ. ಖರೇ. ಆದ್ರ ಅದು ಬರೇ ಶಬ್ದಾರ್ಥ. ಭಾವಾರ್ಥ ಅಂತ ಇನ್ನೊಂದು ಇರ್ತೈತಿ. ಕಂಚಿನ ಕಂಠ ಅಂತೇವಿ. ಗಂಟಲದಾಗ ತಾಮ್ರ ಇರ್ತೈತೇನು? ಕಂಚಿನ ಪದಕ ಅಂತೇವಿ. ಮೂರನೇ ನಂಬರ್ ಬಂದವ್ರಿಗೆ ಕೊಡ್ತಾರ. ಅದರಾಗ ಏನಿರ್ತೈತೋ ಯಾರು ಕರಗಿಸಿ ನೋಡ್ಯಾರ? ಮೈಬಣ್ಣಕ್ಕೂ ಕಂಚು ಅಂತೇವಿ. ಅಂದಮ್ಯಾಲೆ ಈ ಪುತ್ಥಳಿ ಭಾವಾರ್ಥದಾಗ ಕಂಚಿಂದು.”

“ಹಂಗಾರ ನಮ್ಮ ತಂಬಿಗಿ?”

“ಅದೂ ಭಾವಾರ್ಥದಾಗ ಪುತ್ಥಳಿ ಒಳಗ ಐತಿ.”

ಊರವರು ಮುಖ ಮುಖ ನೋಡಿಕೊಂಡರು. ತಂಬಿಗೆ ಕಳಕೊಂಡವನಿಗೆ ಸಮಾಧಾನವಾಗಲಿಲ್ಲ. ಆದರೆ ಶಬ್ದಕೋಶ ದಪ್ಪವಿತ್ತು.

ಗಾಳೆವ್ವ ಒಂದು ಹೆಜ್ಜೆ ಮುಂದೆ ಬಂದಳು.

“ಮಾಸ್ತರ, ನಾ ಸಾಲಿ ಕಲತಾಕಿ ಅಲ್ಲ. ನಿಮ್ಮ ಸಾಲಿ ಹೊರಗ ಕುಂತು ಕೇಳಿದಾಕಿ. ಒಂದು ಕೇಳ್ತೇನಿ. ಒಳಗ ಏನ ಇರಲಿ, ಮಂದಿ ಬಾಯಿಲೆ ಹಂಗಂದ್ರ ಹಂಗ ಆಗ್ತೈತೇನ್ರಿ?”

“ಹೌದವಾ. ಭಾಷಾ ಅನ್ನೂದು ಹಂಗ. ನಾಕ ಮಂದಿ ಒಪ್ಪಿದ್ರ ಅರ್ಥ ಆತು.”

“ನಾಕ ಮಂದಿ ಸಾಕು?”

“ಸಾಕು.”

ಗಾಳೆವ್ವ ತಿರುಗಿದಳು. “ಉಮಾ, ನನಗ ಗೌಡಸಾನಿ ಅನ್ನು.”

ಉಮಾ ಒಂದು ಕ್ಷಣ ಅವ್ವನ ಮುಖ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು. “ಗೌಡಸಾನಿ!”

“ಮಾನವ್ವಾ, ನೀನೂ ಅನ್ನು.”

“ಗೌಡಸಾನಿ ಅಂದ್ನ್ಯವ್ವಾ. ನೂರು ಸಲ ಅಂತೇನಿ,” ಎಂದಳು ಮಾನವ್ವ, ಬೊಚ್ಚುಬಾಯಿ ಅಗಲಿಸಿ. ಹಿಂದೆ ನಿಂತ ಹೆಂಗಸರು ಕೇಳುವವರೆಗೂ ಕಾಯಲಿಲ್ಲ. ಗೌಡಸಾನಿ, ಗೌಡಸಾನಿ ಎಂದು ಕೂಗಿದರು. ನಾಲ್ಕಲ್ಲ, ನಲವತ್ತು ಬಾಯಿ.

ಗಾಳೆವ್ವ ಕಟ್ಟೆಯ ಮೂರು ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ರಾಯನಗೌಡನ ಪಕ್ಕಕ್ಕೆ ಹೋಗಿ ಸೀರೆ ಒತ್ತಿಕೊಂಡು ಕೂತಳು.

“ಜರಾ ಸರೀರಿ ಗೌಡ್ರ. ನಾ ಭಾವಾರ್ಥದಾಗ ಗೌಡಸಾನಿ.”

ಹಾವು ಬಿದ್ದಂತಾಯಿತು. ಹದಿನೈದು ಗಂಡಸರು ಒಮ್ಮೆಗೇ ಕಟ್ಟೆಯಿಂದ ಕೆಳಗೆ ಧುಮುಕಿದರು. ಒಬ್ಬನ ಚಪ್ಪಲಿ ಮೇಲೆಯೇ ಉಳಿಯಿತು. ಮಾಸ್ತರರ ಶಬ್ದಕೋಶ ಜಾರಿ ಬಿದ್ದು ಬೆನ್ನು ಮುರಿದುಕೊಂಡಿತು. ಬಿಸಿಲಿನಲ್ಲಿ ಊರವರು ನಿಂತರು. ನೆರಳಿನಲ್ಲಿ ಗಾಳೆವ್ವ ಒಬ್ಬಳೇ ಕೂತಿದ್ದಳು.

ಹೆದರಿಕೆ ಇಲ್ಲವೆಂದಲ್ಲ. ಹೊಡೆಯುತ್ತಾರೆ ಅಂದುಕೊಂಡಿದ್ದಳು. ಅದಕ್ಕಾಗಿ ಬೆನ್ನು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಆದರೆ ಉಮಾ ಮೊಬೈಲ್ ಎತ್ತಿ ಹಿಡಿದಿದ್ದಳು. ಭಾನುವಾರ ಮಂತ್ರಿ ಬರುವವರಿದ್ದರು. ರಾಯನಗೌಡ ಎತ್ತಿದ ಕೈಯಿಂದ ತನ್ನ ತಲೆ ಕೆರೆದುಕೊಂಡ.

“ಮಾನವ್ವಾ, ಬಾ ಮ್ಯಾಲೆ,” ಎಂದು ಕರೆದಳು ಗಾಳೆವ್ವ.

ಮಾನವ್ವ ಮೆಟ್ಟಿಲಿಗೆ ಕೈಯೂರಿ ಹತ್ತಿದಳು. ಕೂತಳು. ಕಲ್ಲನ್ನು ಅಂಗೈಯಿಂದ ಸವರಿದಳು. “ಐವತ್ತ ವರ್ಷ ಈ ಕಟ್ಟಿ ಕಸಾ ಹೊಡದೀನಿ. ಕುಂಡಿ ಊರಿದ್ದು ಇವತ್ತ ಮೊದಲು,” ಎಂದಳು. ಇನ್ನೊಮ್ಮೆ ಸವರಿ, “ಥಣ್ಣಗೈತಿ,” ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಅವತ್ತೇ ಮಧ್ಯಾಹ್ನ ಬಹಿಷ್ಕಾರ ಬಿತ್ತು. ಹಿಟ್ಟಿನ ಗಿರಣಿಯಲ್ಲಿ ಕೇರಿಯವರ ಜೋಳ ಬೀಸಲಿಲ್ಲ. ಕಿರಾಣಿ ಅಂಗಡಿಯವನು ಉಪ್ಪಿಲ್ಲ ಎಂದ, ಉಪ್ಪಿನ ಮೂಟೆಯ ಮೇಲೇ ಕೂತು. ಹೊಲದ ಕೆಲಸಕ್ಕೆ ಯಾರೂ ಕರೆಯಬಾರದೆಂದು ಹೇಳಿ ಕಳಿಸಿದರು. ಮಾನವ್ವ ಹಳೆಯ ಬೀಸುಕಲ್ಲು ಹೊರಗೆ ತೆಗೆದಳು. ಹೆಂಗಸರು ಸರದಿಯಲ್ಲಿ ಬೀಸಿದರು. ತೋಳು ಬಿದ್ದುಹೋದವು. ನುಚ್ಚಿನ ಗಂಜಿ ಕುಡಿದರು. ಮಂಗಳೂರಿನ ಕಟ್ಟಡದ ಕೆಲಸದ ಗೆಳತಿಯರಿಗೆ ಉಮಾ ಕಟ್ಟೆಯ ಮೇಲಿನ ಅವ್ವನ ಫೋಟೋ ಕಳಿಸಿದಳು. ಅದು ಫೋನಿನಿಂದ ಫೋನಿಗೆ ಹೋಯಿತು. ನೆರೆಯೂರು ಅಸೂಟಿಯ ಕೇರಿಯಿಂದ ಇಬ್ಬರು ಹೆಂಗಸರು ತಲೆಯ ಮೇಲೆ ಜೋಳದ ಹಿಟ್ಟು ಹೊತ್ತು ನಡೆದೇ ಬಂದರು. ಕಟ್ಟೆ ನೋಡಬೇಕು, ಕೂತು ಹೋಗಬೇಕು ಎಂದರು. ಕೂತು ಹೋದರು.

ಆದರೆ ಬಹಿಷ್ಕಾರ ಹಾಕಿದವರು ಒಂದು ಸಂಗತಿ ಯೋಚಿಸಿರಲಿಲ್ಲ. ಭಾನುವಾರಕ್ಕೆ ಬಯಲು ಗುಡಿಸುವವರು, ಚಪ್ಪರಕ್ಕೆ ಗುಂಡಿ ತೋಡುವವರು, ನೀರು ಹೊರುವವರು, ಎಲ್ಲ ಕೇರಿಯವರೇ. ಗೌಡರ ಮನೆಯ ಸೊಸೆಯರು ಮೊದಲ ಸಲ ಬಯಲು ಗುಡಿಸಿದರು. ಕಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತೇ ಹೊರತು ಊರು ಬಿಟ್ಟು ಹೋಗಲಿಲ್ಲ. ಮೂಗಿಗೆ ಬಣ್ಣ ಬಳಿಯಲು ಗಜೇಂದ್ರಗಡದ ಪೇಂಟರ್ ಒಬ್ಬ ಶನಿವಾರ ಡಬ್ಬಿ ಕೊಟ್ಟು ಹೋಗಿದ್ದ. ಭಾನುವಾರ ಮುಂಜಾನೆ ಬರುತ್ತೇನೆಂದವನು ಫೋನ್ ಮಾಡಿದ. “ಬರಾಕಾಗಂಗಿಲ್ರಿ ಗೌಡ್ರ. ನರಗುಂದದ ಆಚೆ ಒಂದು ಕಂಚಿನ ಕುದುರಿ ಮಳಿಗೆ ಬೆಳ್ಳಗಾಗೈತಿ. ಅಲ್ಲಿಗೂ ಮಂತ್ರಿ ಬರೋರದಾರ.”

ರಾಯನಗೌಡ ತನ್ನವರನ್ನು ಕೇಳಿದ. “ಯಾರರ ಹತ್ರೋ.”

“ಗೌಡ್ರ ಹೆಗಲ ಮ್ಯಾಲೆ ಕಾಲ ಇಡೂದು ಪಾಪ ಬರ್ತೈತಿ,” ಎಂದರು ಅವರು. ಗಾಳೆವ್ವನ ಮೊಣಕಾಲಿಗೆ ಮಾತ್ರ ಆ ಪಾಪ ತಟ್ಟುತ್ತಿರಲಿಲ್ಲ.

ಕೊನೆಗೆ ಅವನು ಕೇರಿಯ ಬಾಯಿಗೆ ಬಂದ. ಈ ಸಲ ಬೈಕಿನಿಂದ ಇಳಿದಿದ್ದ. “ಗಾಳವ್ವಾ, ಒಂದೀಟು ಬಣ್ಣಾ ಬಳದು ಕೊಡು. ಆಗಿದ್ದಾತು. ಗಿರಣಿ ಚಾಲೂ ಮಾಡಸ್ತೇನಿ.”

“ಗಿರಣಿ ನೀವ ಬಂದ್ ಮಾಡಿದ್ದು, ನೀವ ಚಾಲೂ ಮಾಡ್ರಿ. ನಾ ಮುಟ್ಟಂಗಿಲ್ಲ.”

“ಯಾಕ?”

“ಮುಟ್ಟಿದ್ರ ತಪ್ಪಾತಂತ ನೀವ ಕಾಗದಾ ಬರದೀರಲ್ರಿ.”

ಮಂತ್ರಿ ಹನ್ನೊಂದಕ್ಕೆ ಬರಬೇಕು. ಹತ್ತೂವರೆಗೆ ರಾಯನಗೌಡ ತಾನೇ ಏಣಿ ಹತ್ತಿದ. ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಧೋತರ. ಸೊಂಟದಲ್ಲಿ ಮೊಬೈಲು, ಕೈಯಲ್ಲಿ ಬಣ್ಣದ ಡಬ್ಬಿ. ಇಬ್ಬರು ಕೆಳಗೆ ಏಣಿ ಹಿಡಿದರು. ಕೇರಿಯ ಹೆಂಗಸರು ಬಂದು ರಸ್ತೆಯ ಆಚೆ ಸಾಲಾಗಿ ನಿಂತು ನೋಡಿದರು. ಆ ಏಣಿಯ ಮೇಲೆ ಮೊಣಕಾಲು ಹೇಗೆ ನಡುಗುತ್ತವೆಂದು ಗಾಳೆವ್ವನಿಗೆ ಗೊತ್ತಿತ್ತು. ಈಗ ಅವನಿಗೂ ಗೊತ್ತಾಗುತ್ತಿತ್ತು.

ಮೂಗು ಮುಗಿಯಿತು. ತುಟಿಗೆ ಬ್ರಶ್ ತಾಗಿಸುವಾಗಲೇ ಜಕ್ಕಲಿಯ ದಾರಿಯಲ್ಲಿ ಸೈರನ್ ಕೇಳಿತು. ಏಣಿ ಹಿಡಿದವರಿಬ್ಬರೂ ಏಣಿ ಬಿಟ್ಟು ಹಾರ ಹಿಡಿಯಲು ಓಡಿದರು. ಏಣಿ ಪಕ್ಕಕ್ಕೆ ಜಾರಿತು. ರಾಯನಗೌಡ ಅಪ್ಪನ ಕೊರಳಿಗೆ ಜೋತುಬಿದ್ದ. ಡಬ್ಬಿ ಮೇಲಕ್ಕೆ ಹಾರಿ, ಬೋರಲಾಗಿ, ಅವನ ನೆತ್ತಿಯ ಮೇಲೆ ಇಳಿಯಿತು. ತಲೆ, ಮೀಸೆ, ಅಂಗಿ, ಧೋತರ, ಪಾದ, ಎಲ್ಲವೂ ಕಂಚು. ಹೆದರಿ ಅಲುಗಾಡದೆ, ಅಪ್ಪನನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ.

ಕಾರಿನಿಂದ ಇಳಿದ ಮಂತ್ರಿಗಳು ಮೇಲೆ ನೋಡಿದರು. ಭಾವುಕರಾದರು.

“ತಂದೆ ಮಗನ ಜೋಡಿ ಪುತ್ಥಳಿ! ಎಷ್ಟು ಜೀವಂತ ಐತ್ರಿ! ರಾಯನಗೌಡ್ರು ಎಲ್ಲಿ? ಕರೀರಿ ಅವರನ್ನ.”

ಉತ್ತರಕ್ಕೂ ಕಾಯದೆ ಮಂತ್ರಿಗಳು ಪೀಠದ ಮೆಟ್ಟಿಲು ಹತ್ತಿ, ಜೋತಾಡುತ್ತಿದ್ದ ಕಂಚಿನ ಪಾದವೊಂದನ್ನು ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚಿದರು.

ರಸ್ತೆಯ ಆಚೆಯಿಂದ ಗಾಳೆವ್ವನ ಕಂಠ ಎದ್ದಿತು. ಚಪ್ಪರ ನಡುಗಿತು. ಪಾರಿವಾಳ ಹಾರಿದವು.

“ಮುಟ್ಟಬ್ಯಾಡ್ರೀ! ಗೌಡ್ರು ಇನ್ನಾ ಹಸೀ ಅದಾರ! ಮುಟ್ಟಿದ್ರ ಮೈಗೆ ಹತ್ತತೈತಿ!”

ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಾತದು. ಇನ್ನೊಬ್ಬರಿಗೆ ಅಂದದ್ದು ಅದೇ ಮೊದಲು.

ಮಂತ್ರಿಗಳು ಚಾಚಿದ ಕೈ ಹಿಂದೆಳೆದುಕೊಂಡು ನಾಲ್ಕು ಹೆಜ್ಜೆ ಸರಿದರು. ಅವರ ಹಿಂದಿನವರು ಎಂಟು ಹೆಜ್ಜೆ ಸರಿದರು. ಇಸ್ತ್ರಿ ಅಂಗಿಯವರು, ರೇಶ್ಮೆ ಸೀರೆಯವರು, ಹಾರ ಹಿಡಿದವರು, ಎಲ್ಲರೂ ಬಟ್ಟೆ ಒತ್ತಿ ಹಿಡಿದು, ಸೋಕದಂತೆ, ದೂರ ಹೋಗಿ ನಿಂತರು.

“ಯಾರರ ಕೈ ಕೊಡ್ರೋ!” ಎಂದು ರಾಯನಗೌಡ ಮೇಲಿನಿಂದ ಕೂಗಿದ.

ಯಾರೂ ಅವನನ್ನು ಮುಟ್ಟಲಿಲ್ಲ.